ಕಪ್ಪೆ ನುಂಗಿದ ಗಟ್ಟಿಮೇಳ

ಕಪ್ಪೆಯನ್ನು ಕೂರಿಸಿದ ದಿನವೇ ಅದಕ್ಕೊಂದು ಮಾತು ಹೇಳಿಬಿಡಬೇಕಿತ್ತು: ನೋಡಪ್ಪಾ, ನಮ್ಮ ಜನ ಬಹಳ ಒಳ್ಳೆಯವರು, ಆದ್ದರಿಂದ ಅವರು ಹೇಳಿದ್ದನ್ನೆಲ್ಲ ನಂಬಬೇಡ. ಯಾರೂ ಹೇಳಲಿಲ್ಲ. ಹೇಳಬೇಕಾಗಿದ್ದವನು ವಾಸುಕಿ. ಅವನಿಗೆ ಕಪ್ಪೆಯ ದನಿಯನ್ನು ಅನುಕರಿಸುವುದರಲ್ಲೇ ಪುರುಸೊತ್ತಿರಲಿಲ್ಲ.

ವಾಸುಕಿ ಮೈಸೂರಿನ ಒಂದು ಪಾಲಿಟೆಕ್ನಿಕ್ಕಿನಲ್ಲಿ ಎಲೆಕ್ಟ್ರಾನಿಕ್ಸ್ ಮೇಷ್ಟ್ರು. ಬಿಡುವಿದ್ದಾಗ ಮಿಮಿಕ್ರಿ. ಪ್ರಿನ್ಸಿಪಾಲರು ಭಾಷಣಕ್ಕೆ ಮುಂಚೆ ಕೆಮ್ಮುವ ಕೆಮ್ಮು, ಕುಕ್ಕರಿನ ಮೊದಲ ಅನುಮಾನದ ಸೀಟಿ, ಚಾಮುಂಡಿ ಬೆಟ್ಟದ ಏರಿನಲ್ಲಿ ಸಿಟಿ ಬಸ್ಸು ಗೇರು ಬದಲಾಯಿಸುವ ನರಳಾಟ, ಯಾವುದು ಬೇಕೋ ಕೇಳಿ. ಬಿಡುವಿಲ್ಲದಾಗ ‘ಕೋಡುಬಳೆ’. ಇದು ಕರಿಯುವ ಕೋಡುಬಳೆಯಲ್ಲ, ಕೊರೆಯುವ ಕೋಡುಬಳೆ. ಕನ್ನಡದಲ್ಲೇ ಕೋಡು ಬರೆಯುವವರ ಆನ್‌ಲೈನ್ ಕೂಟ. ಬೀದರಿನಿಂದ ಚಾಮರಾಜನಗರದವರೆಗೆ ವಿದ್ಯಾರ್ಥಿಗಳು, ಗೃಹಿಣಿಯರು, ನಿವೃತ್ತ ತಹಸೀಲ್ದಾರರು, ಯಾರು ಬೇಕಾದರೂ ಸದಸ್ಯರು. ಇವರೆಲ್ಲ ಸೇರಿ, ಜಗಳವಾಡುತ್ತಲೇ, ಒಂದು ದೊಡ್ಡ ತಂತ್ರಾಂಶ ಬರೆದಿದ್ದರು. ಅದರ ಹೆಸರು ‘ಗೃಹಸ್ಥ’.

ಆ ಕಾಲಕ್ಕೆ ಹೆಚ್ಚಿನ ಮನೆ, ಛತ್ರಗಳ ಸೂರಿಗೆ ಒಳಗಡೆಯಿಂದ ತೆಳ್ಳನೆಯ ಹಾಳೆಯೊಂದನ್ನು ಅಂಟಿಸುವುದು ವಾಡಿಕೆಯಾಗಿತ್ತು. ಸೂರುಹಾಳೆ. ಇಡೀ ಸೂರೇ ಕಿವಿ, ಇಡೀ ಸೂರೇ ಬಾಯಿ. ಹಾಲು ಉಕ್ಕುವ ಮುಂಚೆ ಕೂಗುತ್ತದೆ, ಟ್ಯಾಂಕು ತುಂಬಿದರೆ ಪಂಪು ಆರಿಸುತ್ತದೆ, ಅಜ್ಜನಿಗೆ ಮಾತ್ರೆ ನೆನಪಿಸುತ್ತದೆ, ಅಜ್ಜ ಬೈದರೆ ಬೈಸಿಕೊಳ್ಳುತ್ತದೆ. ಆ ಹಾಳೆಯನ್ನು ನಡೆಸುವ ಬುದ್ಧಿಯೇ ಗೃಹಸ್ಥ. ಬಿಟ್ಟಿ ಸಿಗುತ್ತಿದ್ದುದರಿಂದ ಮೈಸೂರಿನ ಅರ್ಧ ಊರು ಅದರ ಕೈಯಲ್ಲಿತ್ತು.

ಗೃಹಸ್ಥನಲ್ಲಿ ಏನಾದರೂ ಎಡವಟ್ಟು ಕಂಡರೆ ಅದು ‘ಹುಳ’. ಹುಳ ಕಂಡವರು ಕೋಡುಬಳೆಯ ‘ಹುಳಬುಟ್ಟಿ’ಗೆ ಬರೆದು ಹಾಕಬೇಕು. ಪಕ್ಕದಲ್ಲೇ ‘ಸಲಹೆಪೆಟ್ಟಿಗೆ’. ವಾಸುಕಿ ಬೆಳಗಿನ ಕಾಫಿಯ ಜೊತೆ ಇವನ್ನು ಓದುತ್ತಿದ್ದ, ಬರೆದವರ ದನಿಯಲ್ಲೇ.

“ಬಾಗಿಲ ಗಂಟೆ ಒತ್ತಿದರೆ ಗೃಹಸ್ಥ ‘ಯಾರು?’ ಅನ್ನುತ್ತದೆ. ಮಾವನವರು ಬಂದಾಗಲೂ ‘ಯಾರು?’ ಅಂದಿದೆ. ಅವರು ವಾಪಸ್ ಹೋದರು. ಇದು ಹುಳವೋ ಸೌಲಭ್ಯವೋ ತಿಳಿಸಿ.”

“ಸಲಹೆ: ಪಲ್ಯಕ್ಕೆ ಉಪ್ಪು ಹಾಕಿದಿರಾ ಎಂದು ಬಡಿಸಿದ ಮೇಲೆ ಕೇಳುತ್ತದೆ. ಮುಂಚೆ ಕೇಳಿದರೆ ಪಲ್ಯಕ್ಕೂ ದಾಂಪತ್ಯಕ್ಕೂ ಒಳ್ಳೆಯದು.”

ಪ್ರತಿ ಹುಳದ ಕೆಳಗೂ ಒಂದು ಗುಂಡಿ: ‘ನನಗೂ ಹಾಗೇ’. ನಮ್ಮನೆಯಲ್ಲೂ ಇದೇ ತೊಂದರೆಯಾಯಿತು, ನಾನು ಸಾಕ್ಷಿ ಎಂದು ಅದರ ಅರ್ಥ. ಕೋಡು ಬರೆಯುವವರ ಶಾಸ್ತ್ರದಲ್ಲಿ ಅಷ್ಟೇ ಅರ್ಥ. ಆದರೆ ನಮ್ಮಲ್ಲಿ ಯಾರಾದರೂ “ಮಂಡಿ ನೋವು ಕಣ್ರೀ” ಅಂದರೆ ಎದುರಿನವರು “ಅಯ್ಯೋ, ನನಗೂ ಹಾಗೇ” ಎನ್ನುವುದು ಸಾಕ್ಷ್ಯವಲ್ಲ, ಸೌಜನ್ಯ. ಮಂಡಿ ಗಟ್ಟಿಯಾಗಿದ್ದವರೂ ಅನ್ನುತ್ತಾರೆ. ಅನ್ನದಿದ್ದವರನ್ನು ಸೊಕ್ಕಿನವರು ಅನ್ನುತ್ತಾರೆ.

ಸಾಕಷ್ಟು ಜನ ಗುಂಡಿ ಒತ್ತಿದರೆ ಕಪ್ಪೆ ಏಳುತ್ತಿತ್ತು. ಕಪ್ಪೆ ಎಂದರೆ ಪಾಲಿಟೆಕ್ನಿಕ್ಕಿನ ಲ್ಯಾಬಿನ ಮೂಲೆಯಲ್ಲಿ ಗುಂಯ್‌ಗುಡುವ ಯಂತ್ರಬುದ್ಧಿ. ಹುಳ ತಿನ್ನುವುದೇ ಅದರ ಕೆಲಸ. ದೂರು ಓದಿ, ಕಾರಣ ಹುಡುಕಿ, ತಾನೇ ರಿಪೇರಿ ಬರೆದು ಎಲ್ಲ ಮನೆಗಳಿಗೂ ಕಳಿಸಿ “ವಟ್. ನುಂಗಿದೆ” ಎನ್ನುತ್ತಿತ್ತು. ದೂರು ಸರಿಯಿಲ್ಲದಿದ್ದರೆ “ಥೂ”. ಅದಕ್ಕೆ ಮನುಷ್ಯರ ಕೈಗೆ ಸಿಗುವ ಕೀಲಿ ಇರಲಿಲ್ಲ. ಹಿಂದೊಮ್ಮೆ ಯಾರೋ ಮೇಲ್ವಿಚಾರಕ ತನ್ನ ಅತ್ತೆಯ ದೂರನ್ನು ಸಾಲು ತಪ್ಪಿಸಿ ಮುಂದೆ ತಂದನೆಂದು ದೊಡ್ಡ ರಂಪವಾಗಿ, ‘ಯಾರ ಕೈಗೂ ಕೀಲಿ ಬೇಡ’ ಎಂಬ ಸಲಹೆ ಗೆದ್ದಿತ್ತು. ಈಗ ಕಪ್ಪೆಗೆ ಇಬ್ಬರು ಕಾವಲು. ಒಬ್ಬ ವಾಸುಕಿ. ಹಾವಿನ ಹೆಸರಿನವನನ್ನು ಕಪ್ಪೆ ಕಾಯಲು ಬಿಟ್ಟಿದ್ದಾರೆಂದು ಅವನೇ ನಗುತ್ತಿದ್ದ. ಇನ್ನೊಬ್ಬಳು ಕಂಪ್ಯೂಟರ್ ವಿಭಾಗದ ನಫೀಸಾ. ವಯಸ್ಸಿನಲ್ಲಿ ಅವನಿಗಿಂತ ಕಿರಿಯಳು, ಅನುಮಾನದಲ್ಲಿ ಹಿರಿಯಳು.

ವಾಸುಕಿಯ ತಂಗಿ ವೈಜಯಂತಿಯ ಮದುವೆಯ ಹಿಂದಿನ ಮಧ್ಯಾಹ್ನ ನಫೀಸಾ ಲ್ಯಾಬಿನಲ್ಲಿ ಅವನನ್ನು ಹಿಡಿದಳು.

“ಸಾರ್, ಷಡಕ್ಷರಿ ಹುಳಕ್ಕೆ ನೀವೂ ಒತ್ತಿಬಿಟ್ರಾ?”

ಷಡಕ್ಷರಿ ಊರಿನ ಒಂದು ಆಸ್ಪತ್ರೆಯಲ್ಲಿ ರಾತ್ರಿಪಾಳಿಯ ನರ್ಸು. ಅವನ ದೂರು ಆವತ್ತು ಕೋಡುಬಳೆಯಲ್ಲೆಲ್ಲ ಕಣ್ಣೀರು ತರಿಸಿತ್ತು: “ನಾನು ಬೆಳಗ್ಗೆ ಮಲಗುವವನು. ಮೇಲ್ಮನೆಯವರು ಸ್ಯಾಕ್ಸೋಫೋನ್ ಕಲಿಯುತ್ತಿದ್ದಾರೆ. ಕಲಿತಿಲ್ಲ. ಕಲಿಯುತ್ತಿದ್ದಾರೆ. ಗೃಹಸ್ಥನಿಗೆ ಹೊರಗಿನ ಹಾರನ್ ಶಬ್ದ ಅಳಿಸಲು ಬರುತ್ತದೆ, ಇದನ್ನು ಅಳಿಸಲು ಬರುವುದಿಲ್ಲ. ದಯವಿಟ್ಟು ಬೆಳಗಿನ ಸಂಗೀತ ನಿಲ್ಲಿಸಿ. ಇಂತಿ, ಎದ್ದೇ ಇರುವ ಷಡಕ್ಷರಿ.”

“ಓದಿದ್ರೆ ಕರುಳು ಚುರುಕ್ ಅನ್ನುತ್ತೆ ಕಣ್ರೀ ಮೇಡಂ,” ಎಂದ ವಾಸುಕಿ. “ಒಂದು ಒತ್ತಿದ್ರೆ ನಮ್ಮ ಗಂಟೇನು ಹೋಗುತ್ತೆ?”

“ನಿಮ್ಮನೆ ಮೇಲೆ ಮನೇನೇ ಇಲ್ಲ ಸಾರ್. ತಾರಸಿ. ಅಲ್ಲಿ ಸ್ಯಾಕ್ಸೋಫೋನ್ ಯಾರು ಊದ್ತಾರೆ, ಕಾಗೇನಾ? ಇದು ಸಾಕ್ಷಿ ಹೇಳೋ ಜಾಗ, ಸಂತಾಪ ಸಭೆ ಅಲ್ಲ. ಎರಡಕ್ಕೂ ವ್ಯತ್ಯಾಸ ಕಪ್ಪೆಗೆ ಗೊತ್ತಿಲ್ಲ.”

ವಾಸುಕಿ ಕೆನ್ನೆ ಉಬ್ಬಿಸಿ, ಗಂಟಲನ್ನು ಬಾವಿಗಿಳಿಸಿದ. “ವಟ್. ಮೇಡಂ ಕೋಪವನ್ನು ನುಂಗಿದೆ.”

ನಫೀಸಾ ನಗಬಾರದೆಂದುಕೊಂಡೇ ನಕ್ಕಳು. “ನಾನೂ ಒಂದು ಸಲಹೆ ಹಾಕಿದ್ದೀನಿ. ಇನ್ನು ಮೇಲೆ ‘ನನಗೂ ಹಾಗೇ’ ಅಂದವರ ಮನೆ ಸೂರುಹಾಳೆನೂ ಹೌದು ಅನ್ನಬೇಕು. ಆಗಲೇ ಲೆಕ್ಕಕ್ಕೆ.”

“ಒಳ್ಳೇದೇ. ನಾಳೆ ಬರ್ತೀರ ತಾನೆ?”

“ಬೆಳಗಿನ ಕಾವಲು ನಂದು. ಊಟದ ಹೊತ್ತಿಗೆ ಬರ್ತೀನಿ. ಪುಳಿಯೋಗರೆ ಖಾಲಿ ಮಾಡಿಬಿಡಬೇಡಿ.”

ಸೌಗಂಧಿಕಾ ಕಲ್ಯಾಣ ಮಂಟಪದಲ್ಲಿ ಮರುದಿನ ಬೆಳಗ್ಗೆ ಎಲ್ಲವೂ ಸರಿಯಾಗಿ ನಡೆಯುತ್ತಿತ್ತು. ವಾಸುಕಿಗಿದ್ದ ಅಳುಕು ಬೇರೆ ಕಾರಣಕ್ಕೆ. ವರ ಶ್ರೀವತ್ಸನನ್ನು ಸಾಕಿ ಬೆಳೆಸಿದವರು ಅವನ ಸೋದರತ್ತೆ ಅಂಬುಜಾಕ್ಷಮ್ಮ. ಹುಡುಗ ಹುಡುಗಿ ತಾವೇ ಮೆಚ್ಚಿಕೊಂಡಿದ್ದನ್ನು ಆಕೆ ಒಪ್ಪಿರಲಿಲ್ಲ, ಸುಮ್ಮನಾಗಿದ್ದರು. ಹಲ್ಲಿ ಲೊಚಗುಟ್ಟಿತೆಂದು ಒಂದು ಸಲ ನಿಶ್ಚಿತಾರ್ಥವನ್ನೇ ಮುಂದೂಡಿಸಿದ್ದರು. ಅವರ ಮಾತು ಮೀರಿ ಶ್ರೀವತ್ಸ ಕಾಫಿಗೆ ಸಕ್ಕರೆ ಕೂಡ ಹಾಕಿಕೊಂಡವನಲ್ಲ.

ವರಪೂಜೆ ನಡೆದಿತ್ತು. ವಿದ್ವಾನ್ ಮುನಿಕೃಷ್ಣಪ್ಪ ಕೆನ್ನೆಯಲ್ಲಿ ಎರಡು ನಿಂಬೆಹಣ್ಣು ಇಟ್ಟುಕೊಂಡವರಂತೆ ಉಬ್ಬಿಸಿ ನಾದಸ್ವರ ಊದುತ್ತಿದ್ದರು. ಮೋಹನ ರಾಗ ಏರಿ ಏರಿ ಮೇಲಿನ ಷಡ್ಜಕ್ಕೆ ಕೈ ಚಾಚಿತು.

ಚಾಚಿದ ಕೈ ಅಲ್ಲೇ ಉಳಿಯಿತು. ಶಬ್ದ ಇಲ್ಲ.

ಮುನಿಕೃಷ್ಣಪ್ಪ ವಾದ್ಯ ಇಳಿಸಿ ಪೀಪಿ ನೋಡಿದರು, ಒರೆಸಿದರು, ಮತ್ತೆ ಊದಿದರು. ಮುಖ ಕೆಂಪಾಯಿತೇ ಹೊರತು ಕಿವಿಗೆ ಏನೂ ಬರಲಿಲ್ಲ. ಪಕ್ಕದ ಡೋಲಿನವನು ಎರಡೂ ಕೈಯಲ್ಲಿ ಬಡಿಯುತ್ತಿದ್ದ, ಹತ್ತಿಯ ದಿಂಬಿಗೆ ಬಡಿದ ಹಾಗೆ.

“ಅಣ್ಣಾ, ನನ್ನ ಕಿವಿ ಹೋಯ್ತು!” ಎಂದ ಡೋಲಿನವನು ಗಾಬರಿಯಿಂದ.

“ನಾನು ಮಾತಾಡೋದು ಕೇಳಿಸ್ತಾ?”

“ಕೇಳಿಸ್ತು.”

“ಹಂಗಾದ್ರೆ ಕಿವಿ ಐತೆ. ಡೋಲು ಹೋಗೈತೆ.”

ವಾಸುಕಿಯ ಜೇಬಿನಲ್ಲಿ ಫೋನು ನಡುಗಿತು. ಅವನು ತೆಗೆದು ನೋಡುವ ಮೊದಲೇ ಗೊತ್ತಾಗಿಹೋಯಿತು. ‘ವಟ್. ಬೆಳಗಿನ ಸಂಗೀತದ ಹುಳ ನುಂಗಿದೆ.’

ಊರಿನವರು ಎದ್ದು, ಕಾಫಿ ಹೀರುತ್ತ ಫೋನು ಬಿಚ್ಚಿ, ಷಡಕ್ಷರಿಯ ಗೋಳು ಓದಿ, ಮೂರು ಸಾವಿರಕ್ಕೂ ಹೆಚ್ಚು ಮಂದಿ ‘ನನಗೂ ಹಾಗೇ’ ಒತ್ತಿದ್ದರು. ಕಪ್ಪೆ ಕೆಲಸ ಮುಗಿಸಿತ್ತು. ಉಪಾಯ ಹಳೆಯದೇ. ಶಬ್ದವೆಂದರೆ ಗಾಳಿಯ ಅಲೆ. ಅಲೆ ಉಬ್ಬುವ ಕಡೆ ಅದೇ ಗಳಿಗೆಗೆ ಅಷ್ಟೇ ತಗ್ಗುವ ಇನ್ನೊಂದು ಅಲೆ ಬಿಟ್ಟರೆ ಎರಡೂ ಸೇರಿ ಸಪಾಟು. ಇಡೀ ಸೂರಿಗೆ ಸೂರೇ ಬಾಯಾಗಿರುವಾಗ ಇದೇನು ಕಷ್ಟ? ಮಾತು ಕೇಳಿಸುತ್ತದೆ, ತಟ್ಟೆ ಬಿದ್ದರೆ ಕೇಳಿಸುತ್ತದೆ. ಸ್ವರ ಎಳೆದರೆ, ತಾಳ ಹಾಕಿದರೆ ಸೂರು ಅದನ್ನು ಒರೆಸಿ ಹಾಕುತ್ತದೆ.

ಪುರೋಹಿತರ ಪಾಡು ಬೇರೆ. ಮಂತ್ರವನ್ನು ಸ್ವರ ಹಿಡಿದು ಹೇಳಿದರೆ ಮಾಯ. ಕೊನೆಗೆ ಅವರು ಏರಿಳಿತವೆಲ್ಲ ಬಿಟ್ಟು ಆಕಾಶವಾಣಿಯಲ್ಲಿ ವಾರ್ತೆ ಓದುವವರ ಧಾಟಿಗೆ ಇಳಿದರು. ದೇವತೆಗಳಿಗೆ ಹವಾಮಾನ ವರದಿ ಕೊಟ್ಟ ಹಾಗಿತ್ತು.

ವಾದ್ಯ ನಿಂತಿತು, ವಾದ ಶುರುವಾಯಿತು.

“ಮೇನ್ ಆಫ್ ಮಾಡ್ರೀ,” ಎಂದರು ಹುಡುಗಿಯ ಕಡೆಯವರು.

“ಹಾಳೆಗೆ ಅದರದೇ ಬ್ಯಾಟರಿ ಇದೆ. ಬೆಂಕಿ ಬಿದ್ದು ಕರೆಂಟ್ ಹೋದ್ರೂ ಕೂಗಬೇಕಲ್ಲ,” ಎಂದ ವಾಸುಕಿ.

“ಕಿತ್ತು ಹಾಕಿ ಹಾಳೇನ.”

“ಕಿತ್ರೆ ಗಾರೆ ಸಮೇತ ಬರುತ್ತೆ. ಅಕ್ಷತೆ ಬದಲು ಸಿಮೆಂಟು ಬೀಳುತ್ತೆ.”

ವಾಲಗದವರನ್ನು ಹೊರಗೆ ಕಳಿಸಿ ನೋಡಿದರು. ಮೆಟ್ಟಿಲಿಳಿದು ರಸ್ತೆಗೆ ಬಂದದ್ದೇ ಮೋಹನ ರಾಗ ಮೈಮುರಿದು ಎದ್ದಿತು. ಎಳನೀರಿನವನು ಮಚ್ಚು ಕೆಳಗಿಟ್ಟು ತಲೆದೂಗಿದ, ಆಟೋದವರು ಇಂಜಿನ್ ಆರಿಸಿದರು. ಆದರೆ ಬಾಗಿಲು ದಾಟಿ ಒಳಕ್ಕೆ ಒಂದು ಸ್ವರವೂ ಬರಲಿಲ್ಲ. ಮದುವೆ ಒಳಗೆ, ಕಛೇರಿ ಬೀದಿಗೆ. ವಾಸುಕಿ ಕೊನೆಯ ಪ್ರಯತ್ನವಾಗಿ ಮಂಟಪದ ಪಕ್ಕ ನಿಂತು ತನ್ನ ಬಾಯಲ್ಲೇ ನಾದಸ್ವರ ಮಿಮಿಕ್ರಿ ಮಾಡಿದ. ಅದೂ ಮಾಯವಾಯಿತು. ಇಷ್ಟು ವರ್ಷದಲ್ಲಿ ಅವನ ಮಿಮಿಕ್ರಿಗೆ ಸಿಕ್ಕ ದೊಡ್ಡ ಸರ್ಟಿಫಿಕೇಟು ಅದೇ. ಸಂತೋಷಪಡುವ ಹೊತ್ತಾಗಿರಲಿಲ್ಲ.

ಅಂಬುಜಾಕ್ಷಮ್ಮ ಎದ್ದು ನಿಂತರು. ಗದ್ದಲ ತಾನಾಗಿ ಇಳಿಯಿತು.

“ತಾಳಿ ಕಟ್ಟೋ ಗಳಿಗೇಲಿ ಯಾರೋ ಸೀನ್ತಾರೆ, ಯಾರೋ ‘ಅಯ್ಯೋ’ ಅಂತಾರೆ. ಅದು ಮಕ್ಕಳ ಕಿವಿಗೆ ಬೀಳಬಾರದು ಅಂತಾನೇ ಹಿರೀಕರು ಗಟ್ಟಿಮೇಳ ಅಂತ ಮಾಡಿಟ್ಟಿರೋದು. ಇಲ್ಲಿ ನೋಡಿದ್ರೆ ಮೇಳ ಕೇಳಲ್ಲ, ಸೀನು ಮಾತ್ರ ಕೇಳುತ್ತೆ. ನಾನು ಜಗಳಕ್ಕೆ ಬಂದಿಲ್ಲಪ್ಪ. ಮೇಳ ಕೇಳಿದ್ರೆ ಮದುವೆ. ಇಲ್ದಿದ್ರೆ ಇನ್ನೊಂದು ಲಗ್ನ ನೋಡೋಣ.”

ಶ್ರೀವತ್ಸ ಬಾಯಿ ತೆರೆದ. ಅತ್ತೆಯ ಮುಖ ನೋಡಿದ. ಮುಚ್ಚಿದ.

ವಧುವಿನ ಕೋಣೆಯಲ್ಲಿ ವೈಜಯಂತಿ ಬಾಸಿಂಗ ಕಟ್ಟಿಕೊಂಡು ಕೂತಿದ್ದಳು. “ಅಣ್ಣಾ, ಇದು ನಿನ್ನ ಕಪ್ಪೇದೇನೋ?”

“ಹೂಂ.”

“ಇನ್ನೊಂದು ಲಗ್ನ ಅಂದ್ರೆ ಆಷಾಢ ಕಳೀಬೇಕು. ಅಷ್ಟರಲ್ಲಿ ಇನ್ನೊಂದು ಹಲ್ಲಿ, ಇನ್ನೊಂದು ಬೆಕ್ಕು. ಆಮೇಲೆ ಇಲ್ಲವೇ ಇಲ್ಲ. ಇವರು ಅತ್ತೇನ ಎದುರು ಹಾಕ್ಕೊಳ್ಳೋರಲ್ಲ, ನಾನು ಇವರನ್ನ ಬಿಡೋಳಲ್ಲ. ಏನ್ ಮಾಡ್ತೀಯೋ ಗೊತ್ತಿಲ್ಲ.” ದನಿ ಗಟ್ಟಿಯಾಗೇ ಇತ್ತು. ಮೂಗು ಮಾತ್ರ ಕೆಂಪಾಗಿತ್ತು.

ವಾಸುಕಿ ಅಡುಗೆಮನೆಯ ಹಿಂದೆ, ಸೌತೆಕಾಯಿ ಬುಟ್ಟಿಗಳ ನಡುವೆ ನಿಂತು ಲ್ಯಾಬಿಗೆ ಫೋನು ಮಾಡಿದ.

“ನೋಡ್ದೆ ಸಾರ್,” ಎಂದಳು ನಫೀಸಾ. “ಕಪ್ಪೆ ಹೇಗೆ ಯೋಚನೆ ಮಾಡಿದೆ ಅಂತ ಓದ್ತಾ ಇದ್ದೀನಿ. ಪಾಪ, ಅದರದು ತಪ್ಪಿಲ್ಲ. ದೂರು ನಿದ್ದೆದು. ಆದ್ರೆ ‘ನನಗೂ ಹಾಗೇ’ ಅಂದ ಮೂರು ಸಾವಿರ ಮನೇಲಿ ಯಾರೂ ಮಲಗಿರಲಿಲ್ಲ. ಎಲ್ಲ ಎದ್ದು ಕಾಫಿ ಕುಡೀತಿದ್ರು. ಹಾಗಾದ್ರೆ ತೊಂದರೆ ನಿದ್ದೆಗಲ್ಲ, ಸಂಗೀತವೇ ತೊಂದರೆ ಅಂತ ತೀರ್ಮಾನ ಮಾಡಿದೆ.”

“ಉಗುಳಿಸೋದು ಹೇಗೆ?”

“ಎದುರು ದೂರು ಕೊಡಬೇಕು, ಅಷ್ಟೇ ಜನ ಒತ್ತಬೇಕು. ಅದು ಸುಲಭವಾಗ್ತಿತ್ತು ಸಾರ್. ಆದ್ರೆ…” ಅವಳ ದನಿ ಸಣ್ಣದಾಯಿತು. “ನನ್ನ ಸಲಹೇನೂ ಗೆದ್ದಿದೆ. ಷಡಕ್ಷರಿ ಹುಳ ನುಂಗಿದ ತಕ್ಷಣ ಕಪ್ಪೆ ಅದನ್ನೂ ನುಂಗಿದೆ. ಇನ್ನು ಮೇಲೆ ನಿಜವಾದ ಸಾಕ್ಷಿಯೇ ಬೇಕು.”

“ಸ್ವಲ್ಪ ತಡವಾಗಿ ಸತ್ಯವಂತರಾದ್ವಿ,” ಎಂದ ವಾಸುಕಿ.

ಅವನು ನಿಂತಲ್ಲೇ ದೂರು ಬರೆದು ಅವಳಿಗೆ ಓದಿದ. ‘ಓ ಮಂಡೂಕ ಮಹಾರಾಯಾ, ಒಬ್ಬ ಹೆಣ್ಣುಮಗಳ ಕಣ್ಣೀರು…’

“ಸಾರ್, ಇದು ದೂರೋ ಹರಿಕಥೆಯೋ? ಮೂರು ಸಂಗತಿ ಹೇಳಿ ಸಾಕು. ಏನು ಮಾಡಿದ್ರಿ, ಏನಾಯ್ತು, ಏನಾಗಬೇಕಿತ್ತು.”

“ಏನು ಮಾಡಿದ್ವಿ? ಮದುವೆ. ಏನಾಯ್ತು? ಆಗ್ಲಿಲ್ಲ. ಏನಾಗಬೇಕಿತ್ತು? ಮದುವೆ.”

“ಕಪ್ಪೆಗೆ ಅರ್ಥವಾಗೋ ಹಾಗೆ ಹೇಳಿ. ಮತ್ತೆ ನೋಡಿ, ಷಡಕ್ಷರಿ ನಿದ್ದೆ ನಿಜ. ಅದಕ್ಕೆ ಕಲ್ಲು ಹಾಕೋ ಹಾಗಿಲ್ಲ.”

ಇಬ್ಬರೂ ಸೇರಿ ತಿದ್ದಿದರು. ‘ಯಾರೂ ಮಲಗಿಲ್ಲದ ಮನೆಯಲ್ಲಿ ಬೆಳಗ್ಗೆ ಹಾಡಿದೆವು. ಹಾಡು ಕೇಳಿಸಲಿಲ್ಲ. ಕೇಳಿಸಬೇಕಿತ್ತು. ಮಲಗುವವರು ಬೇಡವೆಂದು ಕೇಳಿಕೊಂಡ ಕೋಣೆಯಲ್ಲಿ ಮಾತ್ರ ಸಂಗೀತ ನಿಲ್ಲಲಿ.’ ಕೆಳಗೆ ವಾಸುಕಿ ಒಂದು ಸಾಲು ಸೇರಿಸಿದ: ‘ನನ್ನ ತಂಗಿಯ ಮದುವೆ ನಿಂತಿದೆ. ಬೇಗ.’

ಕೋಡುಬಳೆಯವರ ಒಳ್ಳೆಯತನಕ್ಕೆ ಎಣೆಯುಂಟೆ? ಕಣ್ಣು ಮಿಟುಕಿಸುವುದರೊಳಗೆ ಒತ್ತುಗಳು ಸುರಿದವು. ಅಯ್ಯೋ ಪಾಪ, ನನಗೂ ಹಾಗೇ. ಛೇ ಛೇ, ನನಗೂ ಹಾಗೇ. ಒಬ್ಬೊಬ್ಬರಿಗೂ ಕಪ್ಪೆಯಿಂದ ಉತ್ತರ ಹೋಯಿತು: ‘ಥೂ. ನಿಮ್ಮ ಮನೆಯಲ್ಲಿ ಈ ಬೆಳಗ್ಗೆ ಯಾರೂ ಹಾಡಿಲ್ಲ.’ ಹಾಸನದ ನಿವೃತ್ತ ತಹಸೀಲ್ದಾರರೊಬ್ಬರು ಕೆರಳಿ, “ಮೂವತ್ತು ವರ್ಷ ಸರ್ಕಾರಿ ಸೇವೆ ಮಾಡಿದವನಿಗೆ ಥೂ ಅನ್ನುತ್ತದೆಯೇ?” ಎಂದು ಹೊಸ ಹುಳ ಹಾಕಿದರು. ಅದಕ್ಕೂ ಜನ ‘ನನಗೂ ಹಾಗೇ’ ಒತ್ತಿದರು. ಅದು ಮಾತ್ರ ನಿಜವಾಗಿತ್ತು.

ಒಳಗೆ ಕಾಶಿಯಾತ್ರೆ ಮುಗಿದಿತ್ತು. ಲಗ್ನ ಮೀರುವ ಮುಂಚೆ ಮೇಳ ಬಂದರೂ ಬರಬಹುದೆಂದು ಪುರೋಹಿತರು ಒಂದೊಂದೇ ಶಾಸ್ತ್ರವನ್ನು ಎಳೆಯುತ್ತಿದ್ದರು.

ವಾಸುಕಿ ಫೋನನ್ನು ಬಾಳೆಕಂಬಕ್ಕೆ ಒರಗಿಸಿ ಕೋಡುಬಳೆಯ ಎಲ್ಲರೂ ನೋಡುವಂತೆ ನೇರಪ್ರಸಾರಕ್ಕೆ ನಿಂತ. “ಸ್ನೇಹಿತರೇ, ಗುಂಡಿ ಒತ್ತಬೇಡಿ. ಮೊದಲು ಹಾಡಿ. ನಿಮ್ಮ ನಿಮ್ಮ ಮನೇಲಿ ಬಾಯಿಬಿಟ್ಟು ಒಂದು ಹಾಡು ಹಾಡಿ, ಆಮೇಲೆ ಒತ್ತಿ. ಮೂರು ಸಾವಿರ ಜನ ಬೇಕು.”

ಒಳ್ಳೆಯತನ ಅಲ್ಲಿಗೆ ತಡವರಿಸಿತು. ನನಗೆ ಶ್ರುತಿ ಇಲ್ಲ ಸಾರ್. ಗಂಟಲು ಕಟ್ಟಿದೆ. ನಮ್ಮ ಮನೆಯವರು ಚೆನ್ನಾಗಿ ಹಾಡ್ತಾರೆ, ಆದ್ರೆ ಅವರು ವಾಕಿಂಗ್ ಹೋಗಿದ್ದಾರೆ. ಪಕ್ಕದ ಮನೆಯವರು ಏನಂದ್ಕೋತಾರೆ? ಕೋಡು ಬರೆಯೋದು ಅಂದ್ರೆ ಸರಿ, ಇದೆಲ್ಲ… ಲೆಕ್ಕ ಇನ್ನೂರರ ಆಸುಪಾಸು ಬಂದು ಕೂತುಬಿಟ್ಟಿತು.

“ಕೊಡು ಇಲ್ಲಿ,” ಎಂದು ಹಿಂದಿನಿಂದ ಬಂದ ವೈಜಯಂತಿ ಫೋನು ಕಿತ್ತುಕೊಂಡಳು. ಬಾಸಿಂಗ, ಹಣೆಯ ಬೆವರು, ಅರ್ಧ ಜಾರಿದ ಮೊಗ್ಗಿನ ಜಡೆ, ಎಲ್ಲ ಪರದೆ ತುಂಬ ಬಂತು. “ಹಾಡಕ್ಕೆ ಬರಲ್ಲ ಅಂತ ಯಾರ್ರೀ ಅಂದಿದ್ದು? ಬರದಿದ್ರೇನೇ ಒಳ್ಳೇದು! ಇವತ್ತು ಯಾರಿಗೂ ಕೇಳಿಸಲ್ಲ! ನಿಮ್ಮ ಗಂಡಂಗೆ ಕೇಳಲ್ಲ, ಅತ್ತೆಗೆ ಕೇಳಲ್ಲ, ನಿಮಗೇ ಕೇಳಲ್ಲ! ಸ್ಕೂಲಲ್ಲಿ ಮೇಷ್ಟ್ರು ಸಾಲಿಂದ ಎಬ್ಬಿಸಿ ಹಿಂದೆ ಕೂರಿಸಿದ್ರಲ್ಲ, ಅವರೆಲ್ಲ ಹಾಡ್ರಪ್ಪ! ಜನ್ಮದಲ್ಲಿ ಇಂಥ ಅವಕಾಶ ಇನ್ನೊಂದ್ಸಲ ಬರಲ್ಲ!”

ಆಮೇಲೆ ಕಟ್ಟೆ ಒಡೆಯಿತು.

ವಾಸುಕಿ ತನ್ನ ಬದುಕಿನಲ್ಲಿ ಅಂಥದ್ದನ್ನು ನೋಡಿರಲಿಲ್ಲ. ಪರದೆಯ ಮೇಲೆ ಪುಟ್ಟಪುಟ್ಟ ಚೌಕಗಳಲ್ಲಿ ಜನ ಹಾಡುತ್ತಿದ್ದರು, ಮೂಕಿಚಿತ್ರದಂತೆ. ಹಾಸನದ ತಹಸೀಲ್ದಾರರು ಬನಿಯನ್ನಿನಲ್ಲಿ ಎದೆ ತಟ್ಟಿಕೊಂಡು ರಂಗಗೀತೆ. ಸೌಟು ಹಿಡಿದ ಹೆಂಗಸೊಬ್ಬರು ಕಣ್ಣು ಮುಚ್ಚಿ ಆಲಾಪನೆ. ಒಬ್ಬ ಹುಡುಗ ಮಂಚದ ಮೇಲೆ ನಿಂತು ಕೈಬಾಚಣಿಗೆಯನ್ನೇ ಮೈಕು ಮಾಡಿಕೊಂಡಿದ್ದ. ಯಾರದೋ ಬಾಯಿ ನೋಡಿದರೆ ನಾಡಗೀತೆ, ಯಾರದೋ ಬಾಯಿ ನೋಡಿದರೆ ಹಲ್ಲುನೋವು. ಎಲ್ಲೂ ಒಂದು ಸ್ವರವಿಲ್ಲ. ಲೆಕ್ಕ ಏರುತ್ತಿತ್ತು. ಸೂರುಗಳು ಒಂದೊಂದಾಗಿ ಸಾಕ್ಷಿ ನುಡಿಯುತ್ತಿದ್ದವು: ಹೌದು, ಇಲ್ಲಿ ಹಾಡಿದರು. ಹೌದು, ನಾನು ಅಳಿಸಿದೆ.

ವಾಸುಕಿಯ ಫೋನು ನೇರಪ್ರಸಾರದಲ್ಲಿದ್ದುದರಿಂದ, ನಡುವೆ ನಫೀಸಾ ಕೊಟ್ಟ ನಂಬರು ಹಿಡಿದು ಅವನ ತಮ್ಮನ ಫೋನಿಗೆ ಒಂದು ಕರೆ ಬಂತು. “ವಾಸುಕಿ ಸಾರ್ ಇದಾರಾ? ನಾನು ಷಡಕ್ಷರಿ. ಮೂರು ತಿಂಗಳಾದ ಮೇಲೆ ಇವತ್ತು ಕಣ್ಣು ಹತ್ತಿತ್ತು ಸಾರ್. ಫೋನು ಬಡಕೊಂಡು ಬಡಕೊಂಡು ಎಚ್ಚರ ಆಯ್ತು.”

“ಅಯ್ಯೋ, ಮಲಗಿ ಮಾರಾಯ್ರೇ. ನಿಮ್ಮ ಕೋಣೆಗೆ ಏನೂ ಆಗದ ಹಾಗೆ ಬರೆದಿದ್ದೀವಿ.”

“ಅದನ್ನ ಓದ್ದೆ ಸಾರ್. ಅದಕ್ಕೇ ಮೇಲ್ಮನೆಗೆ ಬಂದಿದ್ದೀನಿ. ಇವರು ವಾದ್ಯ ಕೆಟ್ಟೋಯ್ತು ಅಂತ ಅಳ್ತಾ ಕೂತಿದ್ರು. ಕೆಟ್ಟಿಲ್ಲ, ಊದಿ, ಒಂದು ಮದುವೆಗೆ ಬೇಕಂತೆ ಅಂದೆ. ಈಗ ಊದ್ತಾ ಇದಾರೆ. ಕೇಳಿಸದಿದ್ರೆ ಎಷ್ಟು ಚೆನ್ನಾಗಿ ಊದ್ತಾರೆ ಗೊತ್ತಾ ಸಾರ್!”

ಮೂರು ಸಾವಿರಕ್ಕೆ ಇನ್ನೂ ಕೊರತೆ ಇತ್ತು. ಮಂಟಪದಲ್ಲಿ ಅಂತರಪಟ ಹಿಡಿದಾಗಿತ್ತು. ಬಿಳಿ ಬಟ್ಟೆಯ ಆ ಕಡೆ ಶ್ರೀವತ್ಸ, ಈ ಕಡೆ ಓಡಿಹೋಗಿ ನಿಂತ ವೈಜಯಂತಿ, ಇಬ್ಬರ ಕೈಯಲ್ಲೂ ಜೀರಿಗೆ ಬೆಲ್ಲ. ಬೆಲ್ಲ ಬೆವರಿಗೆ ಕರಗುತ್ತಿತ್ತು. ವಾಸುಕಿ ಸಭೆಗೆ ತಿರುಗಿ ಕೈ ಎತ್ತಿದ. “ಎಲ್ಲರ ಮನೇಲೂ ಗೃಹಸ್ಥ ಇದ್ದಾನೆ. ಫೋನು ತೆಗೀರಿ, ಮನೇಲಿರೋರಿಗೆ ಹೇಳಿ ಹಾಡಿಸ್ರಿ! ಇಲ್ಲಿರೋರೂ ಹಾಡ್ರಿ, ಈ ಮಂಟಪವೂ ಒಂದು ಮನೇನೇ!”

ಇನ್ನೂರು ಬಾಯಿ ಒಟ್ಟಿಗೆ ತೆರೆದವು. ವಾಸುಕಿಯ ಅಮ್ಮ ಹಾಡಿದರು. ಅಡಿಗೆಯವರು ಹಾಡಿದರು. ಮುನಿಕೃಷ್ಣಪ್ಪ ವಾದ್ಯ ತುಟಿಗಿಟ್ಟು, ಕೇಳಿಸದಿದ್ದರೂ ಷಡ್ಜ ಬಿಡದೆ ಹಿಡಿದರು. ಲ್ಯಾಬಿನಲ್ಲಿ ನಫೀಸಾ ತನ್ನ ನಾನಿಯ ಲಾಲಿ ಹಾಡು ಹಾಡುತ್ತಿದ್ದಾಗ ಪ್ರಿನ್ಸಿಪಾಲರು ಕಿಟಕಿಯಲ್ಲಿ ಇಣುಕಿ, ಮೇಡಂ ಆಕಳಿಸುತ್ತಿದ್ದಾರೆಂದುಕೊಂಡು ಮುಂದೆ ಹೋದರು.

“ಸಾರ್, ಆಯ್ತು!” ಎಂದಳು ಅವಳು ಫೋನಿನಲ್ಲಿ. “ಲೆಕ್ಕ ತುಂಬಿತು. ಕಪ್ಪೆ ರಿಪೇರಿ ಬರೀತಾ ಇದೆ.”

ಲಗ್ನ ಜಾರುತ್ತಿದೆಯೆಂದು ಪುರೋಹಿತರು ಅಂತರಪಟ ಇಳಿಸಿಬಿಟ್ಟರು. ಜೀರಿಗೆ ಬೆಲ್ಲ ತಲೆಯ ಮೇಲೆ ಬಿತ್ತು. “ಸ್ವಾಮೀ, ತಾಳಿ, ತಾಳಿ!” ಎಂದು ವಾಸುಕಿ ಕೂಗಿಕೊಂಡ. ಅವರು ತಲೆಯಾಡಿಸಿ ಮಾಂಗಲ್ಯದ ತಟ್ಟೆ ಎತ್ತಿಕೊಟ್ಟರು.

ಶ್ರೀವತ್ಸ ತಾಳಿ ಕೈಗೆ ತೆಗೆದುಕೊಂಡ. ತೆಗೆದುಕೊಂಡು ಅತ್ತೆಯ ಕಡೆ ನೋಡಿದ. ವಾಸುಕಿಯೂ ನೋಡಿದ.

ಅಂಬುಜಾಕ್ಷಮ್ಮ ಕಂಬಕ್ಕೆ ಒರಗಿ, ಸೆರಗನ್ನು ಬಾಯಿಗೆ ಅಡ್ಡ ಹಿಡಿದುಕೊಂಡಿದ್ದರು. ಸೆರಗು ಅಲುಗುತ್ತಿತ್ತು.

ವಟ್.

ಮೇಳ ಬಂತು ಎನ್ನುವುದು ಸಾಲದು. ಸೂರು ಬಾಯಿ ತೆಗೆದ ಹಾಗೆ ಬಂತು. ನಾದಸ್ವರದ ಷಡ್ಜ, ಡೋಲಿನ ಸಿಡಿಲು, ಇನ್ನೂರು ಗಂಟಲಿನ ಇನ್ನೂರು ಶ್ರುತಿ, ಫೋನಿನಲ್ಲಿ ಸಿಕ್ಕಿಬಿದ್ದ ಮೂರು ಸಾವಿರ ಮಂದಿಯ ರಂಗಗೀತೆ, ಲಾಲಿ, ಸಿನಿಮಾ, ಸ್ಯಾಕ್ಸೋಫೋನು, ಎಲ್ಲ ಒಂದೇ ಏಟಿಗೆ. ಅರ್ಧ ಮೈಸೂರು ಹಾಡಿನ ಮಧ್ಯದಲ್ಲಿ ತನ್ನ ದನಿ ತಾನೇ ಕೇಳಿ ಬೆಚ್ಚಿಬಿತ್ತು. ಆದರೆ ಬೆಚ್ಚಿ ನಿಲ್ಲಿಸುವಷ್ಟು ನಾಚಿಕೆ ಆ ಹೊತ್ತಿಗೆ ಯಾರಲ್ಲೂ ಉಳಿದಿರಲಿಲ್ಲ. ಆ ಎಲ್ಲ ಗದ್ದಲದ ಅಡಿಯಲ್ಲಿ, ಕಂಬದ ಹತ್ತಿರ, ಒಂದು ಮುದಿ ದನಿ ನಡುಗುತ್ತ, ಮದುಮಕ್ಕಳನ್ನು ಹಸೆಗೆ ಕರೆಯುವ ಹಳೆಯ ಸೋಬಾನೆಯ ಸಾಲೊಂದನ್ನು ಹಿಡಿದಿತ್ತು. ಸಿಕ್ಕಿಬಿದ್ದದ್ದು ಅಂಬುಜಾಕ್ಷಮ್ಮನಿಗೆ ಗೊತ್ತಾಯಿತು. ವಾಸುಕಿಯನ್ನು ದುರುಗುಟ್ಟಿ ನೋಡಿದರು. ಸೆರಗು ತೆಗೆದರು. ಮುಂದಿನ ಸಾಲು ಇನ್ನೂ ಗಟ್ಟಿಯಾಗಿ ಎತ್ತಿಕೊಂಡರು.

ಶ್ರೀವತ್ಸ ಮೂರು ಗಂಟು ಹಾಕಿದ. ಅಕ್ಷತೆ ಮಳೆಯಾಯಿತು. ವೈಜಯಂತಿ ತಲೆ ಎತ್ತಿ ಅಣ್ಣನ ಕಡೆ ತಿರುಗಿ ಏನೋ ಹೇಳಿದಳು. ಬೈದಳೋ, ಹೊಗಳಿದಳೋ.

ವಾಸುಕಿ ಕಿವಿಗೆ ಕೈ ಒಡ್ಡಿದ. ಅವಳು ಮತ್ತೆ ಹೇಳಿದಳು, ಕೂಗಿಯೇ ಹೇಳಿದಳು. ಒಂದಕ್ಷರವೂ ಕೇಳಿಸಲಿಲ್ಲ. ಅವನು ಎರಡೂ ಕೈ ಎತ್ತಿ, ವಾಲಗದವರ ಕಡೆ ತಿರುಗಿ, ಇನ್ನೂ ಜೋರಾಗಿ ಎಂದು ಸನ್ನೆ ಮಾಡಿದ.